ಏಳು ಹೆಸರಿನ ಕಟ್ಟಿಗೆ

ಹೋದ ತಿಂಗಳು ಗೋಕಾಕದಲ್ಲಿ ತಂಗಿಯ ಮಗಳ ಮನೆಗೆ ಹೋಗಿದ್ದೆ. ಈ ವಯಸ್ಸಿನಲ್ಲಿ ನೆಂಟರ ಮನೆಗೆ ಹೋದವನಿಗೆ ಸಿಗುವ ಮೊದಲ ಸತ್ಕಾರವೆಂದರೆ ಸ್ನಾನ. ಮುದುಕ ತಾನಾಗಿ ಮಾಡಲಿಕ್ಕಿಲ್ಲ ಎಂಬ ಅನುಮಾನ ಎಲ್ಲರಿಗೂ ಇರುತ್ತದೆ. ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲ ಬಾಗಿಲಿನವರೆಗೆ ಧೈರ್ಯವಾಗಿಯೇ ಹೋದೆ. ಅಲ್ಲಿ ಹಂಡೆಯ ಒಲೆಯಿಂದ ಹೊಗೆಯೊಂದು ಎದ್ದು ಬಂದು ಮೂಗಿಗೆ ಬಡಿಯಿತು. ಧೂಪದ ಹೊಗೆಯಂತೆ ಸಿಹಿ. ಸಿಹಿಯ ಹಿಂದೆ ಎಣ್ಣೆಯ ಘಾಟು.

"ಒಲಿಗೆ ಏನ್ ಕಟಗಿ ಹಾಕೀಯವ್ವಾ?" ಎಂದೆ.

"ರೇಲ್ವೆದ್ದ ಹಳೇ ಕಟಗಿ ಮಾಮಾ, ಹಳಿ ಬುಡಕಿಂದು. ಈಗ ಸಿಮೆಂಟಿನ್ವು ಹಾಕಾಕತ್ತಾರಲ್ಲ, ಇವನ್ನ ಕಿತ್ತು ಮಾರ್ಯಾರ. ಭಾಳ ಚಲೋ ಉರೀತಾವ."

ನನಗೆ ಜ್ವರ ಬಂದ ಹಾಗಿದೆ ಎಂದು ಹೇಳಿ ತಿರುಗಿ ಬಂದು ಕಾಟಿನ ಮೇಲೆ ಕುಳಿತೆ. ಅಡಿಗೆ ಮನೆಯಲ್ಲಿ ಅವಳು ಗಂಡನಿಗೆ, "ಮಾಮಾಗ ವಯಸ್ಸಾತು ನೋಡ್ರಿ, ನೀರಿಗೆ ಅಂಜತಾರ," ಎನ್ನುವುದು ಕೇಳಿಸಿತು. ನಾನು ಅಂಜಿದ್ದು ನೀರಿಗಲ್ಲ. ಆದರೆ ನಲವತ್ತು ವರ್ಷಗಳಿಂದ ಯಾರಿಗೂ ಹೇಳದ್ದನ್ನು ಬಚ್ಚಲ ಬಾಗಿಲಲ್ಲಿ ನಿಂತು ಹೇಳುವುದು ಹೇಗೆ?

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಎರಡು ಮೂರು ವರ್ಷವಿತ್ತು. ನನಗೆ ಇಪ್ಪತ್ತಾರು. ಹುಕ್ಕೇರಿಯಲ್ಲಿ ಹುಟ್ಟಿ ಹುಕ್ಕೇರಿಯಲ್ಲೇ ಸಾಯುವ ಇರಾದೆಯಿದ್ದ ನನ್ನನ್ನು ಸಾಲಿ ಮಾಸ್ತರನನ್ನಾಗಿ ಮಾಡಿ ಮೂಡಲಗಿಗೆ ಕಳಿಸಿದ್ದರು. ಸಾಲೆ ನಡೆಯುತ್ತಿದ್ದುದು ಊರಿನ ದೊಡ್ಡ ಸಾವಕಾರರಾದ ಶಿವಲಿಂಗಪ್ಪನವರ ಹಳೆಯ ಅಡತಿ ಅಂಗಡಿಯಲ್ಲಿ. ನಾನು ಇದ್ದದ್ದು ಅವರ ವಾಡೆಯ ಮುಂದಿನ ಖೋಲಿಯಲ್ಲಿ. ಉಂಡದ್ದು ಅವರ ಪಂಕ್ತಿಯಲ್ಲಿ. ಮಿಂದದ್ದು ಅವರ ಬಚ್ಚಲಿನಲ್ಲಿ. ಹೀಗೆ ತಲೆಯಿಂದ ಕಾಲಿನವರೆಗೆ ಅವರದೇ ಆಗಿದ್ದ ನಾನು, ನನ್ನ ವಿದ್ಯೆ ಮಾತ್ರ ಸ್ವತಂತ್ರವಾದುದೆಂದು ನಂಬಿಕೊಂಡಿದ್ದೆ.

ಸಾವಕಾರರು ಅದೇ ವರ್ಷ ಕೇದಾರಕ್ಕೆ ಹೋಗಿ ಬಂದಿದ್ದರು. ಆ ಕಾಲದಲ್ಲಿ ಮೂಡಲಗಿಯಿಂದ ಕೇದಾರಕ್ಕೆ ಹೋದವರು ಮನೆಯವರಿಗೆ ಎಲ್ಲ ಹೇಳಿ, ಕೊಡುವ ಉಪದೇಶವನ್ನೆಲ್ಲ ಕೊಟ್ಟು, ಅತ್ತು ಹೋಗುತ್ತಿದ್ದರು. ಇವರು ಹಾಗೆಯೇ ಹೋಗಿ, ಎಲ್ಲರ ನಿರೀಕ್ಷೆ ಮೀರಿ ತಿರುಗಿ ಬಂದರು. ಬಂದ ಮೇಲೆ ಅವರ ಬಾಯಲ್ಲಿ ಒಂದೇ ಮಾತು. "ಕೇದಾರದ ದಾರ್‍ಯಾಗ ಒಂದು ಗಿಡಾ ನೋಡಿದ್ನಿ. ಮುಗಿಲಿಗೆ ಮುಟ್ಟೇತಿ. ತಬ್ಬಿಕೊಂಡು ಅತ್ನಿ. ದೇವದಾರು ಅಂತಾರ ಅದಕ್ಕ." ಸಾವಕಾರರು ಬದುಕಿನಲ್ಲಿ ಯಾರನ್ನೂ ತಬ್ಬಿಕೊಂಡು ಅತ್ತದ್ದನ್ನು ಯಾರೂ ಕಂಡಿರಲಿಲ್ಲ, ಮರಕ್ಕೆ ಆ ಭಾಗ್ಯ ಸಿಕ್ಕದ್ದರಿಂದ ಊರಿನಲ್ಲಿ ಆ ಮರದ ಬಗ್ಗೆ ದೊಡ್ಡ ಗೌರವ ಹುಟ್ಟಿತು. ಶ್ರಾವಣದೊಳಗೆ ಮನೆಯ ದೇವರಿಗೆ ದೇವದಾರಿನ ಮಂಟಪ ಆಗಬೇಕೆಂದು ಅವರು ಅಪ್ಪಣೆ ಮಾಡಿದರು.

ದೇವದಾರು ಎಂದರೆ ಏನು ಎಂದು ಹೇಳುವ ಅಧಿಕಾರ ನನ್ನ ಪಾಲಿಗೆ ಬಂತು. ಎಂಟನೇ ವಯಸ್ಸಿನಲ್ಲಿ ಬೆತ್ತದ ಸಹಾಯದಿಂದ ಬಾಯಿಪಾಠ ಮಾಡಿದ ನಿಘಂಟು ನನ್ನ ಹೊಟ್ಟೆಯಲ್ಲಿತ್ತು. ಪಡಸಾಲೆಯಲ್ಲಿ ಊರ ಹಿರಿಯರ ಮುಂದೆ ಅದರ ಏಳು ಹೆಸರು ಹೇಳಿದೆ: ಶಕ್ರಪಾದಪ, ಪಾರಿಭದ್ರಕ, ಭದ್ರದಾರು, ದ್ರುಕಿಲಿಮ, ಪೀತದಾರು, ದಾರು, ಪೂತಿಕಾಷ್ಠ. ಕೊನೆಯ ಹೆಸರಿಗೆ ನಾರುವ ಕಟ್ಟಿಗೆ ಎಂದು ಅರ್ಥ. ಅದನ್ನು ಮಾತ್ರ ಬಿಡಿಸಿ ಹೇಳಲಿಲ್ಲ. ಎಲ್ಲರೂ ತಲೆದೂಗಿದರು. ಮರವನ್ನು ನಾನು ಕಂಡಿರಲಿಲ್ಲ. ಹೆಸರು ಏಳೂ ಗೊತ್ತಿದ್ದು ಮರ ಗೊತ್ತಿಲ್ಲದಿದ್ದರೆ ಪಂಡಿತನೆನ್ನಿಸಿಕೊಳ್ಳಲು ಅಡ್ಡಿಯಿಲ್ಲ.

ಮರ ಗೊತ್ತಿದ್ದವನು ಒಬ್ಬನೇ ಇದ್ದ. ಅವನಿಗೆ ಹೆಸರು ಗೊತ್ತಿರಲಿಲ್ಲ. ಅವನೇ ಕಲ್ಲೋಳಿಯ ಬಡಿಗ್ಯಾರ ಮೋನಪ್ಪ.

ಮೋನಪ್ಪನಿಗೆ ಅರವತ್ತರ ಹತ್ತಿರ. ಮೂಡಲಗಿಯ ಅರ್ಧ ಊರಿನ ತಲೆಬಾಗಿಲು ನಿಲ್ಲಿಸಿದ್ದು ಅವನ ಅಪ್ಪ, ಅಜ್ಜ. ಊರಿನ ನೇಗಿಲು ಕೂರಿಗೆಗಳನ್ನೆಲ್ಲ ನೋಡಿಕೊಂಡು, ಸುಗ್ಗಿಯಲ್ಲಿ ಹೊಲದ ಮೇಲೆ ತನ್ನ ಪಾಲಿನ ಜೋಳ, ಅಂದರೆ ಆಯ, ಪಡೆಯುವ ಹಕ್ಕು ಅವರ ಮನೆತನದ್ದು. ಹರೆಯದಲ್ಲಿ ಎರಡು ವರ್ಷ ಹುಬ್ಬಳ್ಳಿಯಲ್ಲಿ ರೇಲಿನ ಡಬ್ಬಿ ಮಾಡುವ ಕೆಲಸಕ್ಕೆ ಹೋಗಿದ್ದ. ಅಲ್ಲಿ ಪಂಜಾಬದ ಮಿಸ್ತ್ರಿಯೊಬ್ಬ ಅವನಿಗೆ ಒಂದು ಹಳದಿ ಕಟ್ಟಿಗೆ ತೋರಿಸಿ, "ಇದು ದಿಯಾರ್, ನಮ್ಮ ಬೆಟ್ಟದ್ದು," ಎಂದಿದ್ದನಂತೆ.

"ನೀವು ಹೇಳೂ ಗಿಡಾನೂ ಹಿಮಾಲಯದ್ದ, ಅಂವ ಹೇಳಿದ್ದೂ ಹಿಮಾಲಯದ್ದ," ಎಂದ ಮೋನಪ್ಪ. "ಎರಡೂ ಒಂದ ಇರಬೇಕ್ರಿ ಮಾಸ್ತರ್ರ. ವಾಸನಿ ಮರಿಯೂ ಅಂಥಾದ್ದಲ್ಲ ಅದು. ನಡೀರಿ, ಗೋಕಾಕಕ್ಕ ಹೋಗೂಣು."

ಆಷಾಢದ ಮೊದಲ ವಾರದ ಗಾಳಿ. ಮೂಡಲಗಿಯ ಆಷಾಢದಲ್ಲಿ ಮಳೆ ಬರುವುದಿಲ್ಲ, ಮಳೆ ಬರುತ್ತದೆ ಎಂಬ ಸುದ್ದಿ ಬರುತ್ತದೆ. ಆ ವರ್ಷ ಮಾತ್ರ ತುಂತುರು ಬಿಟ್ಟೂ ಬಿಡದೆ ಹಿಡಿದು, ಎರೆಮಣ್ಣು ಗಾಲಿಗೆ ಮೆತ್ತಿ, ಎತ್ತುಗಳು ಹತ್ತು ಮಾರಿಗೊಮ್ಮೆ ನಿಂತು ನಮ್ಮಿಬ್ಬರ ಕಡೆ ತಿರುಗಿ ನೋಡುತ್ತಿದ್ದವು. ಹೊಳೆ ದಾಟಿ ಗೋಕಾಕ ಸೇರಿದಾಗ ಮಧ್ಯಾಹ್ನ. ಕಟ್ಟಿಗೆ ವ್ಯಾಪಾರದ ಹುಸೇನಸಾಬ ತನ್ನ ವಖಾರಿಯ ತಗಡಿನ ಕೆಳಗೆ ಕುಳಿತು ಚಹಾ ಕುಡಿಯುತ್ತಿದ್ದ. ಅವನ ಹಿಂದೆ, ಒಂದರ ಮೇಲೊಂದು, ಕರ್ರಗಿನ ತೊಲೆಗಳ ದೊಡ್ಡ ಒಟ್ಟಲು. ಗೋಕಾಕ ರೋಡ ಸ್ಟೇಷನ್ನಿನ ಹತ್ತಿರ ಹಳಿಯ ಬುಡದಿಂದ ಕಿತ್ತು ಹಾಕಿದ ಸಿಲೀಪರ್‌ಗಳು. ದನದ ಕೊಟ್ಟಿಗೆಯ ಕಂಬಕ್ಕೆಂದು ರೈತರು ಒಯ್ಯುತ್ತಿದ್ದರು.

ಮೋನಪ್ಪ ಒಟ್ಟಲು ಸುತ್ತಿದ. ಬಾಚಿಯಿಂದ ಒಂದೊಂದು ತೊಲೆಯ ಮೂಲೆಗೆ ಒಂದೊಂದು ಪೆಟ್ಟು ಹಾಕಿ, ಎದ್ದ ಚಕ್ಕೆಯನ್ನು ಮೂಗಿಗೆ ಹಿಡಿದು, ನಾಲಿಗೆಗೆ ಮುಟ್ಟಿಸಿ ಉಗುಳಿದ. ಇದು ತೇಗ. ಇದು ಮತ್ತಿ. ಹತ್ತನೆಯದೋ ಹನ್ನೊಂದನೆಯದೋ ತೊಲೆಯ ಮುಂದೆ ಬಹಳ ಹೊತ್ತು ಕುಂತುಬಿಟ್ಟ. ಆಮೇಲೆ ಚಕ್ಕೆಯನ್ನು ನನ್ನ ಕೈಗಿಟ್ಟ. ಹೊರಗೆ ಇದ್ದಿಲಿನಂಥ ಕಪ್ಪು. ಒಳಗೆ ಬೆಣ್ಣೆ ಕಾಸಿದ ಬಣ್ಣ. ಮೂಗಿಗೆ ಹಿಡಿದೆ. ಇಡೀ ವಖಾರಿಯಲ್ಲಿ ಯಾರೋ ಧೂಪ ಹಾಕಿದಂತಾಯಿತು.

"ಹದಿನೈದು ವರ್ಷ ರೇಲ್ ಹೊತ್ತೇತಿ," ಎಂದ ಮೋನಪ್ಪ. "ಹೊಟ್ಯಾಗ ಹುಳಾ ಬಿದ್ದಿಲ್ಲ ನೋಡ್ರಿ."

ಹುಸೇನಸಾಬ ನಕ್ಕ. "ಮೋನಪ್ಪಾ, ಆರಿಸ್ಕೊಂಡು ಒಯ್ಯಿ. ಖರೇ ಮಾಲ್ ಐತಿ. ಆದ್ರ ಒಂದು ಮಾತು ಕೇಳು. ಸಾವಕಾರ್ರ ಮುಂದ ಕೇದಾರದಿಂದ ಬಂತು ಅನ್ನು. ಸುಳ್ಳೇನಲ್ಲ, ಅಲ್ಲಿಂದನ ಬಂದೈತಿ. ನಡುವ ಎಲ್ಲಿ ಇಳದಿತ್ತು ಅನ್ನೂದು ಯಾಕ ಬೇಕು?"

"ಊರು ಹೇಳದ ನಿಂದ್ರಸಾಕ ನಮ್ಮಲ್ಲಿ ಬರೂದಿಲ್ಲೊ ಹುಸೇನಾ."

ಅದು ಮೋನಪ್ಪನ ಮನೆತನದ ಪದ್ಧತಿ. ಬಾಗಿಲಾಗಲಿ ಕಂಬವಾಗಲಿ ನಿಲ್ಲಿಸುವಾಗ ಬಡಿಗ ಅದರ ಮೇಲೆ ಕೈಯಿಟ್ಟು, ಕೂಡಿದವರಿಗೆಲ್ಲ ಕೇಳುವಂತೆ, ಕಟ್ಟಿಗೆ ಎಲ್ಲಿ ನಿಂತಿತ್ತು, ಎಲ್ಲಿ ಬಿದ್ದಿತ್ತು, ತನ್ನ ಕೈಗೆ ಹೇಗೆ ಬಂತು ಎಂದು ಹೇಳಬೇಕು. ಕೊನೆಗೆ, "ಕಡಿದದ್ದು ನಮ್ಮ ತಪ್ಪು, ನಿಂದ್ರೂದು ನಿನ್ನ ಉಪಕಾರ," ಎಂದು ಅದಕ್ಕೆ ಕೈ ಮುಗಿಯಬೇಕು. ಆಗ ಮನೆಯ ಯಜಮಾನ ಬಡಿಗನ ತಲೆಗೆ ಹೊಸ ಪಟಗಾ ಸುತ್ತಬೇಕು.

ತಿರುಗಿ ಬರುವಾಗ ಗಾಡಿಯಲ್ಲಿ ತೊಲೆಗಳ ಮೇಲೆ ಕುಳಿತು ಮೋನಪ್ಪ ಹೇಳಿದ: "ಮಾಸ್ತರ್ರ, ಹೊಟ್ಟಿ ಸಲುವಾಗಿ ಎಲ್ಲಾ ಮಾಡೇನಿ. ತೊಟ್ಟಲಾ ಮಾಡೇನಿ, ಹೆಣಾ ಕುಂಡ್ರಿಸಿ ಒಯ್ಯೂ ಕುರ್ಚಿ ಮಾಡೇನಿ. ದೇವ್ರು ಕುಂಡ್ರೂ ಅಂಥಾದ್ದು ಒಂದೂ ಮಾಡಿಲ್ಲ. ಇದೊಂದು ನಿಂತ್ರ ಸಾಕು, ಪಟಗಾ ಸುತಗೊಂಡು ಮನಿಗೆ ಹೋಗಿ ಬಾಚಿ ಕೆಳಗಿಡತೀನಿ. ಆದ್ರ ರೇಲಿನ ಮಾತು ತಗದ್ರ ಮಂದಿ ಏನಂತಾರೊ."

"ನೀ ಊರು ಹೇಳು," ಎಂದೆ ನಾನು, ಇಪ್ಪತ್ತಾರರ ಎದೆ ಉಬ್ಬಿಸಿ. "ನಾ ಹೆಸರು ಹೇಳ್ತೀನಿ. ಏಳೂ ಹೇಳಿ, ಇದು ಅದ ಕಟಗಿ ಅಂತ ಹೇಳ್ತೀನಿ. ಮಾಸ್ತರ ಹೇಳಿದ ಮ್ಯಾಲೆ ಯಾರು ಬಾಯಿ ತಗೀತಾರ?"

ಮೋನಪ್ಪ ಎರಡೂ ಕೈ ಎತ್ತಿ ನನಗೆ ನಮಸ್ಕಾರ ಮಾಡಿದ. ನನ್ನ ತಂದೆಯ ವಯಸ್ಸಿನವನು. ನಾನು ಅದನ್ನು ಸ್ವೀಕರಿಸಿದೆ.

ವಾಡೆಯ ಹಿತ್ತಲಿನ ಚಪ್ಪರದಲ್ಲಿ ಒಂದೂವರೆ ತಿಂಗಳು ಕೆಲಸ ನಡೆಯಿತು. ತೊಲೆಯ ಕಪ್ಪನ್ನೆಲ್ಲ ಬಾಚಿಯಿಂದ ಕೆತ್ತಿ ಹಾಕಿ, ಉದ್ದಕ್ಕೆ ಸೀಳಿ, ಹಳಿಯ ಮೊಳೆ ಹೊಡೆದ ತೂತುಗಳಿದ್ದ ಭಾಗ ಕತ್ತರಿಸಿ ಬಿಟ್ಟು, ನಾಲ್ಕು ಕಂಬ, ಮೇಲೊಂದು ಕಮಾನು, ಬಳ್ಳಿ ಬಿಡಿಸಿದ ಪೀಠ. ಒಂದು ಕಬ್ಬಿಣದ ಮೊಳೆಯಿಲ್ಲ. ಎಲ್ಲ ಕಟ್ಟಿಗೆಯ ಬೆಣೆ. ರಂದಾದಿಂದ ಉದುರಿದ ಸುರುಳಿಗಳನ್ನು ಸಾವಕಾರರ ಮನೆಯ ಹೆಂಗಸರು ಸೀರೆಯ ಟ್ರಂಕಿನಲ್ಲಿ ಇಟ್ಟುಕೊಂಡರು. ಸಾವಕಾರರು ದಿನಕ್ಕೆರಡು ಸಲ ಬಂದು ಮೂಗರಳಿಸಿ, "ಕೇದಾರ! ಸಾಕ್ಷಾತ್ ಕೇದಾರ!" ಎಂದು ಹೋಗುತ್ತಿದ್ದರು. ಕಟ್ಟಿಗೆ ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳಲಿಲ್ಲ. ಬಡಿಗ ಅದನ್ನು ನಿಲ್ಲಿಸುವ ದಿನವೇ ಹೇಳುತ್ತಾನೆಂದು ಊರಿನವರಿಗೆಲ್ಲ ಗೊತ್ತಿತ್ತು.

ಶ್ರಾವಣದ ಎರಡನೇ ಸೋಮವಾರ. ದೇವರ ಕೋಣೆಯ ಮುಂದೆ ಊರೇ ಕೂಡಿತ್ತು. ಹಿತ್ತಲಲ್ಲಿ ಹೋಳಿಗೆ ಬೇಯುತ್ತಿದ್ದವು. ತಟ್ಟೆಯಲ್ಲಿ ಜರಿ ಅಂಚಿನ ಕೆಂಪು ಪಟಗಾ. ಮೋನಪ್ಪ ಮಂಟಪದ ಕಂಬದ ಮೇಲೆ ಕೈಯಿಟ್ಟು ಶುರು ಮಾಡಿದ.

"ಇದು ಹಿಮಾಲಯದಾಗ ನಿಂತಿತ್ತು. ಅಲ್ಲಿ ಕಡಿದ್ರು. ರೇಲಿನ್ಯಾಗ ನಮ್ಮ ಸೀಮಿಗೆ ಬಂತು. ಹದಿನೈದು ವರ್ಷ ಗೋಕಾಕ ರೋಡ ಟೇಸನ್ ಬಾಜೂಕ ಹಳಿ ಬುಡಕ ಮಲಗಿತ್ತು. ಹುಸೇನಸಾಬನ ವಖಾರಿಂದ ನನ್ನ ಕೈಗೆ ಬಂತು. ಕಡಿದದ್ದು..."

ಮುಂದಿನದು ಕೇಳಿಸಲಿಲ್ಲ. ಸಾವಕಾರರ ಹೆಂಡತಿಯ ತಮ್ಮ ಈರಪ್ಪ ಎದ್ದು ನಿಂತಿದ್ದ. ಉಂಡದ್ದನ್ನು ಕರಗಿಸುವುದರ ಹೊರತು ಅವನಿಗೆ ಬೇರೆ ಉದ್ಯೋಗವಿರಲಿಲ್ಲ.

"ತಡಿ ತಡಿ. ಹಳಿ ಬುಡಕ ಅಂದ್ಯಾ? ಅಂದ್ರ ರೇಲ್ ಮ್ಯಾಲಿಂದ ಹೋಗೂ ಮುಂದ, ಡಬ್ಬ್ಯಾಗಿನ ಪಾಯಖಾನಿ ತೂತಿನ್ಯಾಗಿಂದ..." ಅವನು ಕೈಯಿಂದ ತೋರಿಸಿದ. "ಹದಿನೈದು ವರ್ಷ ಇದಕ್ಕ ಅಭಿಷೇಕ ಆಗೇತಿ ಅನ್ನು!"

ಮೊದಲು ಯಾರೋ ಒಬ್ಬರು ನಕ್ಕರು. ಆಮೇಲೆ ಎಲ್ಲರೂ. ಸಾವಕಾರರ ಮುಖ ಕಪ್ಪಿಟ್ಟಿತು. ದಿನಕ್ಕೆರಡು ಸಲ ಒಂದೂವರೆ ತಿಂಗಳು ಅವರು ಮೂಗರಳಿಸಿದ್ದು ಎಲ್ಲರ ನೆನಪಿನಲ್ಲಿತ್ತು. ಮುಖ್ಯವಾಗಿ ಅವರ ನೆನಪಿನಲ್ಲಿತ್ತು.

"ಮ್ಯಾಲಿಂದೆಲ್ಲಾ ಕೆತ್ತಿ ತಗದೇನ್ರಿ ಸಾವಕಾರ್ರ," ಎಂದ ಮೋನಪ್ಪ. "ಒಳಗ ಅಪರಂಜಿ ಐತಿ. ಇದು ಖರೇ ದೇವದಾರು. ಮಾಸ್ತರ್ರನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಸಾವಕಾರರೂ. ಅವರ ನೋಟದಲ್ಲಿ ನನ್ನ ಖೋಲಿ, ನನ್ನ ಊಟ, ನನ್ನ ಸಾಲೆ ಮೂರೂ ಇದ್ದವು. ಅದಕ್ಕೆ ಅಂಜಿದೆನೆಂದು ಹೇಳಿ ಮುಗಿಸಬಹುದಿತ್ತು. ಅಂಜಿಕೆಯನ್ನು ಜನ ಕ್ಷಮಿಸುತ್ತಾರೆ. ಆದರೆ ನಿಜ ಅಷ್ಟೇ ಅಲ್ಲ. ಜನ ನಗುತ್ತಿದ್ದರು, ನನಗೊಂದು ಮಾತು ಹೊಳೆದಿತ್ತು, ಹೊಳೆದ ಮಾತನ್ನು ಆಡದೆ ಇರುವ ಶಕ್ತಿ ನನಗೆ ಆಗ ಇರಲಿಲ್ಲ.

"ದೇವದಾರು ಹಿಮಾಲಯದಾಗ ಬೆಳೀತೈತಿ ಅಂತ ಗ್ರಂಥದಾಗ ಬರದೈತ್ರಿ," ಎಂದೆ, ಕೆಮ್ಮಿ, ಗಂಭೀರವಾಗಿ. "ರೇಲಿನ ಬುಡಕ ಬೆಳೀತೈತಿ ಅಂತ ಎಲ್ಲೂ ಬರದಿಲ್ಲ."

ಅಂಥ ನಗೆ ಆ ವಾಡೆಯಲ್ಲಿ ಮತ್ತೆಂದೂ ಎದ್ದಿರಲಿಕ್ಕಿಲ್ಲ. ಈರಪ್ಪ ನನ್ನ ಬೆನ್ನು ಚಪ್ಪರಿಸಿದ. ಮೋನಪ್ಪ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ. ನೇರವೆಂದು ತಂದ ಹಲಗೆ ಸೊಟ್ಟ ಹೊರಟಾಗ ಬಡಿಗ ಒಂದು ಕಣ್ಣು ಮುಚ್ಚಿ ಅದನ್ನು ಹೇಗೆ ನೋಡುತ್ತಾನೋ ಹಾಗೆ.

ಸಾವಕಾರರು ತೀರ್ಪು ಕೊಟ್ಟರು. ದೇವರ ಕೋಣೆಯಲ್ಲಿ ಕೊಡಲಿ ಎತ್ತಬಾರದು. ಆದ್ದರಿಂದ ಮಾಡಿದವನೇ ಬಿಚ್ಚಬೇಕು. ಈಗಲೇ.

ಪಂಕ್ತಿ ಕೂತಿತು. ನಾವು ಹೋಳಿಗೆ ಉಣ್ಣುತ್ತಿದ್ದೆವು. ಒಳಗೆ ಮೋನಪ್ಪ ಬೆಣೆಗಳನ್ನು ಒಂದೊಂದಾಗಿ ಹೊಡೆದು ತೆಗೆಯುತ್ತಿದ್ದ. ಠಕ್, ಠಕ್. ಕೆಲಸ ಬಿಗಿಯಾಗಿತ್ತು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಈರಪ್ಪ ಒಂದೊಂದು ಸಪ್ಪಳಕ್ಕೂ, "ಇನ್ನೊಂದು ನೀಡ್ರಿ," ಎಂದು ಹೋಳಿಗೆ ಹಾಕಿಸಿಕೊಂಡ. ನಾನು ನಾಲ್ಕು ಉಂಡೆ. ತುಪ್ಪ ಬೇಡವೆನ್ನಲಿಲ್ಲ.

ಕಡೆಗೆ ಮೋನಪ್ಪ ಹೊರಗೆ ಬಂದು, "ಕಟಗಿ ನಾ ಒಯ್ತೀನ್ರಿ," ಎಂದ.

"ಒಯ್ದು ಇನ್ನೊಬ್ಬನ ಮನ್ಯಾಗ ನಿಂದ್ರಸಾಕೇನ?" ಎಂದರು ಸಾವಕಾರರು. "ಬಚ್ಚಲ ಒಲಿಗೆ ಹಾಕ್ರಿ ಅದನ್ನ. ಮೋನಪ್ಪಾ, ಕಡೇ ಸೋಮವಾರ ಮುಂಬೈಯಿಂದ ಖರೇ ಮಂಟಪ ಬರತೈತಿ. ಅವತ್ತ ಬಂದು ಮಂದಿ ಮುಂದ ನಿಂತು, ಖರೇ ದೇವದಾರು ಯಾವುದು ಅಂತ ನಿನ್ನ ಬಾಯಿಂದ ಹೇಳು. ಹೇಳಿದ್ರ ನಿನ್ನ ಆಯಾ ನಿನಗ. ಇಲ್ಲಾಂದ್ರ ಈ ಊರಾಗ ನಿನ್ನ ಬಾಚಿ ಸಪ್ಪಳ ಕೇಳಬಾರ್ದು."

ಅಜ್ಜನ ಕಾಲದ ಹಕ್ಕು. ಮನೆಯಲ್ಲಿ ಏಳು ಜನ ಉಣ್ಣುವವರು. ಮೋನಪ್ಪ ತನ್ನ ಚೀಲ ಎತ್ತಿಕೊಂಡು ಹೋದ. ನನ್ನ ಖೋಲಿಯ ಮುಂದೆಯೇ ಹಾಯ್ದು ಹೋಗಬೇಕಿತ್ತು. ನಾನು ಬಾಗಿಲು ಮುಂದೆ ಮಾಡಿಕೊಂಡಿದ್ದೆ.

ಮುಂಬೈಯ ಮಂಟಪ ಗೋಣಿತಟ್ಟು ಸುತ್ತಿಸಿಕೊಂಡು ಬಂತು. ಕನ್ನಡಿಯಂಥ ಪಾಲಿಶು. ಯಾರೂ ಇಲ್ಲದಾಗ ನಾನು ಹಿಂದೆ ಹೋಗಿ ಒಂದು ಮೂಲೆಯನ್ನು ಉಗುರಿನಿಂದ ಕೆರೆದು ನೋಡಿದೆ. ಮೋನಪ್ಪನ ಜೊತೆ ವಖಾರಿ ಸುತ್ತಿದ್ದರಿಂದ ಅಷ್ಟು ವಿದ್ಯೆ ಬಂದಿತ್ತು. ಮಾವಿನ ಕಟ್ಟಿಗೆ. ವಾಸನೆ ಪಾಲಿಶಿನದು ಮಾತ್ರ.

ಕಡೆಯ ಸೋಮವಾರ ಮತ್ತೆ ಊರು ಕೂಡಿತು, ಮತ್ತೆ ಹೋಳಿಗೆ. ಮೋನಪ್ಪ ಬಂದು ಅಂಗಳದ ಅಂಚಿನಲ್ಲಿ ನಿಂತಿದ್ದ. ಸಾವಕಾರರು ಸ್ನಾನ ಮುಗಿಸಿ ಪೂಜೆಗೆ ಕುಳಿತು ಕಣ್ಣು ಮುಚ್ಚಿದರು. ನೆಂಟರು ಬಹಳ ಇದ್ದುದರಿಂದ ಹಿತ್ತಲಲ್ಲಿ ಹಂಡೆ ಇನ್ನೂ ಕಾಯುತ್ತಲೇ ಇತ್ತು. ಗಾಳಿ ಹಿತ್ತಲಿನಿಂದ ದೇವರ ಕೋಣೆಯ ಕಡೆ ತಿರುಗಿತು.

ಸಾವಕಾರರ ಮೂಗು ಅರಳಿತು.

"ಬಂತು," ಎಂದರು. ಕಣ್ಣಂಚಿನಲ್ಲಿ ನೀರಿತ್ತು. "ಬಂತು ನೋಡ್ರಿ ವಾಸನಿ! ಕೇದಾರದ ವಾಸನಿ! ಇದಕ್ಕ ಅಂತಾರ ದೇವದಾರು!"

ಎಲ್ಲರೂ ಮೂಗಿನಿಂದ ವಾಸನೆ ಎಳೆದುಕೊಂಡರು. ಹೌದು ಹೌದು ಎಂದರು. ಈರಪ್ಪನೂ ಎಳೆದುಕೊಂಡು, "ಖರೇದು ಖರೇದ ಬಿಡ್ರಿ," ಎಂದ. ಹಿತ್ತಲ ಬಾಗಿಲು ತೆರೆದೇ ಇತ್ತು. ಅಂಗಳದ ಅಂಚಿನಿಂದ ಒಲೆ ಚೆನ್ನಾಗಿ ಕಾಣುತ್ತಿತ್ತು. ಬಳ್ಳಿ ಬಿಡಿಸಿದ ಹಲಗೆಯೊಂದು ಅರ್ಧ ಒಳಗೆ, ಅರ್ಧ ಹೊರಗೆ ಇತ್ತು. ಮೋನಪ್ಪ ಅದನ್ನು ನೋಡಿದ. ನಾನೂ ನೋಡಿದೆ. ನಾನು ನೋಡಿದ್ದನ್ನು ಅವನು ನೋಡಿದ.

"ಮೂಗು ಐತಿಲ್ಲೊ ಮೋನಪ್ಪಾ?" ಎಂದರು ಸಾವಕಾರರು. "ಈಗ ಹೇಳು, ಖರೇ ದೇವದಾರು ಯಾವುದು?"

"ಈಗ ವಾಸನಿ ಬರಾಕತ್ತೇತಲ್ಲ, ಇದು ಖರೇ ದೇವದಾರು ಐತ್ರಿ ಸಾವಕಾರ್ರ," ಎಂದ ಮೋನಪ್ಪ.

"ಅದಾ ಮಾತು!" ಈರಪ್ಪ ಚಪ್ಪಾಳೆ ತಟ್ಟಿದ. "ಮತ್ತ ಇದರ ಊರು ಹೇಳಲ್ಲಾ? ನಿಮ್ಮ ಪದ್ಧತಿ ಐತೆಲ್ಲ!"

"ನಾ ನಿಂದ್ರಿಸಿದ್ದಲ್ರಿ ಅದು, ನಾ ಹೇಳಾಕ ಬರೂದಿಲ್ಲ. ಮಾಸ್ತರ್ರಿಗೆ ಇದರ ಊರು ಗೊತ್ತೈತಿ. ಅವರು ಹೇಳ್ತಾರ."

ಬದುಕು ಒಬ್ಬ ಮನುಷ್ಯನಿಗೆ ಅದೇ ಬಾಗಿಲಲ್ಲಿ ಎರಡನೆಯ ಸಲ ನಿಲ್ಲಲು ಅವಕಾಶ ಕೊಡುವುದು ಅಪರೂಪ. ನನಗೆ ಕೊಟ್ಟಿತು. ಕೈಯೆತ್ತಿ ಹಿತ್ತಲ ಕಡೆ ಬೆರಳು ತೋರಿಸಿದರೆ ಸಾಕಾಗಿತ್ತು. ಬಾಯಿ ತೆರೆಯುವ ಅಗತ್ಯವೂ ಇರಲಿಲ್ಲ.

ನಾನು ಎದ್ದು ನಿಂತು, ಕಂಠ ಸರಿಮಾಡಿಕೊಂಡು, ಮಾವಿನ ಕಟ್ಟಿಗೆಯ ಮೇಲೆ ಕೈಯಿಟ್ಟು, ಏಳು ಹೆಸರನ್ನೂ ಹೇಳಿದೆ. ಶಕ್ರಪಾದಪದಿಂದ ಪೂತಿಕಾಷ್ಠದವರೆಗೆ, ಒಂದಕ್ಷರ ತಪ್ಪದೆ. ಕೊನೆಗೆ, "ಊರು ಕೇದಾರ," ಎಂದೆ. ಮೋನಪ್ಪನಿಗೆ ಕೊಟ್ಟ ಮಾತು ಅಷ್ಟೂ ಉಳಿಯಿತು. ಕಟ್ಟಿಗೆ ಮಾತ್ರ ಬೇರೆಯಾಗಿತ್ತು.

ಮುಂಬೈಯ ಮಂಟಪಕ್ಕೆ ಬಡಿಗನಿರಲಿಲ್ಲ. ತಟ್ಟೆಯಲ್ಲಿ ಕೆಂಪು ಪಟಗಾ ಹಾಗೆಯೇ ಇತ್ತು. ಸಾವಕಾರರು ಅದನ್ನು ನನ್ನ ತಲೆಗೆ ಸುತ್ತಿದರು. ಕಣ್ಣಿನ ಮೇಲೆ ಇಳಿದ ಅಂಚನ್ನು ಸರಿಸಿ ನೋಡುವಷ್ಟರಲ್ಲಿ ಅಂಗಳದ ಅಂಚಿನಲ್ಲಿ ಯಾರೂ ಇರಲಿಲ್ಲ.

ಆಯವನ್ನು ಸಾವಕಾರರು ಉದಾರವಾಗಿ ಬಿಟ್ಟುಕೊಟ್ಟರು. ಮೋನಪ್ಪ ಸುಗ್ಗಿಗೆ ಅದನ್ನು ಒಯ್ಯಲು ಬರಲಿಲ್ಲ. ಹಳಿಯ ಗ್ಯಾಂಗಿಗೆ ಸೇರಿದ, ಹೊಸ ಸಿಲೀಪರ್‌ಗಳಲ್ಲಿ ಹಳಿ ಕೂರುವಷ್ಟು ಜಾಗ ಬಾಚಿಯಿಂದ ಕೆತ್ತುತ್ತಾನೆ ಎಂದು ಹುಸೇನಸಾಬನಿಂದ ಕೇಳಿದೆ. ಮುಂದೊಮ್ಮೆ ಹುಕ್ಕೇರಿಗೆ ಹೋಗಲು ರೇಲಿನಲ್ಲಿ ಕುಳಿತಾಗ, ಗೋಕಾಕ ರೋಡ ದಾಟಿದ ಮೇಲೆ, ಹಳಿಯ ಬದಿಗೆ ಬಾಚಿ ಹಿಡಿದು ಕುಂತ ಮುದುಕನೊಬ್ಬ ಕಂಡ. ಅವನೇ ಇರಬೇಕು. ಗಾಡಿ ನಿಧಾನವಾಗಿಯೇ ಹೋಗುತ್ತಿತ್ತು. ನಾನು ಕಿಡಕಿ ಮುಚ್ಚಿದೆ. ಕಣ್ಣಿಗೆ ಇದ್ದಿಲ ಹುಡಿ ಬೀಳುತ್ತದೆ ಎಂದು ಎದುರಿಗೆ ಕುಳಿತವರಿಗೆ ಹೇಳಿದೆ.

ಇಷ್ಟನ್ನು ನೆನೆಯುತ್ತ ಕಾಟಿನ ಮೇಲೆ ಕುಳಿತಿದ್ದಾಗ ತಂಗಿಯ ಮಗಳು ಮತ್ತೆ ಬಂದಳು.

"ಏಳ್ರಿ ಮಾಮಾ, ಇಂಥಾ ಕಟಗ್ಯಾಗ ಕಾದ ನೀರು ಮೈಗೆ ಭಾಳ ಹಿತಾ."

ಅದು ನನಗೆ ಗೊತ್ತಿದ್ದದ್ದೇ. ಆ ಕಡೆಯ ಸೋಮವಾರದ ಮರುದಿನ ಬೆಳಿಗ್ಗೆ ಸಾವಕಾರರ ಬಚ್ಚಲಿಗೆ ಹೋದಾಗ ಒಲೆಯಲ್ಲಿ ಮಂಟಪದ ಕೊನೆಯ ಕಂಬ ಉರಿಯುತ್ತಿತ್ತು. ಬೆಣೆ ಹೊಡೆದ ತೂತಿನಿಂದ ಎಣ್ಣೆ ಜಿನುಗಿ ಚಟಚಟ ಎನ್ನುತ್ತಿತ್ತು. ನಾನು ಪಟಗಾವನ್ನು ಗೂಟಕ್ಕೆ ಹಾಕಿ, ಕುಳಿತು, ದಿನಕ್ಕಿಂತ ನಾಲ್ಕು ತಂಬಿಗೆ ಹೆಚ್ಚೇ ಹಾಕಿಕೊಂಡೆ. ನೀರು ಬಹಳ ಚೆನ್ನಾಗಿ ಕಾದಿತ್ತು.